ಬೀಸುಕಲ್ಲಿಗೆ ವಾರವಿಲ್ಲ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯಕ್ಕೆ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳನ್ನು ಕೆಲವು ವರ್ಷಗಳ ಹಿಂದೆ ಎರಡು ಬಾರಿ ಕರೆದುಕೊಂಡು ಹೋಗಿದ್ದೆ. ಹೆಂಗಸರ ದುಡಿಮೆಯ ಇತಿಹಾಸವನ್ನು ಕುರಿತು ಅವರು ಒಂದು ವರದಿ ಬರೆಯಬೇಕಾಗಿತ್ತು. ಮೊದಲ ಭೇಟಿಯಲ್ಲಿ ಬೀಸುಕಲ್ಲು, ಒರಳು, ಒನಕೆ, ಮೊರ, ಕಡಗೋಲು ಎಂದು ಹೆಸರುಗಳನ್ನು ಸರಸರನೆ ಬರೆದುಕೊಂಡ ಮಕ್ಕಳು ತೊಗಲುಗೊಂಬೆಗಳನ್ನು ನೋಡಲು ಓಡಿದರು. ಅವರನ್ನು ಬೈಯುವಂತಿರಲಿಲ್ಲ, ಏನನ್ನು ನೋಡಬೇಕೆಂದು ನಾನೇ ಹೇಳಿಕೊಟ್ಟಿರಲಿಲ್ಲ.

ಎರಡನೆಯ ಬಾರಿ ಮದ್ದೂರಿನ ಕಡೆಯ ಹಳ್ಳಿಯಲ್ಲಿ ಬೆಳೆದ ನಮ್ಮ ಅತ್ತೆಯವರನ್ನು ಜೊತೆಗೆ ಕರೆದುಕೊಂಡು ಹೋದೆ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ ಜಯಲಕ್ಷ್ಮೀ ವಿಲಾಸ ಅರಮನೆಯಲ್ಲೇ ಆ ಸಂಗ್ರಹಾಲಯವಿದ್ದದ್ದು; ಅದರೊಳಗೆ ಕಾಲಿಟ್ಟು, "ನಮ್ಮ ಮೊರ ಅರಮನೆ ಸೇರ್ಕಂಡದಲ್ಲ!" ಎಂದು ಅವರು ನಕ್ಕರು.

ಬೀಸುಕಲ್ಲಿನ ಬಳಿ ಮಾತ್ರ ಅವರು ಬಹಳ ಹೊತ್ತು ನಿಂತರು. ಮುಟ್ಟುವಂತಿರಲಿಲ್ಲವಾದ್ದರಿಂದ ಗಾಳಿಯಲ್ಲೇ ಗೂಟ ಹಿಡಿದಂತೆ ಬಲಗೈಯನ್ನು ಸುತ್ತಿಸುತ್ತಾ, ಎಡಗೈಯಿಂದ ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಸುರಿಯುವುದನ್ನು ತೋರಿಸಿದರು. ಎದುರಿಗೆ ಓರಗಿತ್ತಿ ಕುಳಿತು ಅದೇ ಗೂಟ ಹಿಡಿದರೆ ಭಾರ ಅರ್ಧವಾಗುತ್ತಿತ್ತಂತೆ. ಒಬ್ಬಳ ಪದಕ್ಕೆ ಇನ್ನೊಬ್ಬಳು ದನಿಗೂಡಿಸಿದರೆ ಕೈಗಳು ಒಂದೇ ಓಟದಲ್ಲಿ ತಿರುಗುತ್ತಿದ್ದವಂತೆ. ಕಲ್ಲು ನುಣುಪಾಗಿ ಹಿಟ್ಟು ತರಿಯಾಗತೊಡಗಿದಾಗ ಅದನ್ನು ಉಳಿಯಿಂದ ಹೊಡೆಸಿ ಮತ್ತೆ ಒರಟು ಮಾಡಿಸಬೇಕಿತ್ತು. ಇದನ್ನು ಕೇಳಿದ ಮೇಲೆ ಮಕ್ಕಳು ಬಗ್ಗಿ, ಪ್ರತಿಯೊಂದು ವಸ್ತುವಿನಲ್ಲೂ ಸವೆದ ಜಾಗ ಯಾವುದೆಂದು ಹುಡುಕತೊಡಗಿದರು. ನನಗೆ ಬೇಕಾಗಿದ್ದ ಪಾಠ ಅಲ್ಲಿ ಶುರುವಾಯಿತು.

ಹತ್ತು ಜನರ ಮನೆಗೆ ದಿನಕ್ಕೆ ಎರಡು ಸೇರು ರಾಗಿ, ಅದನ್ನು ಬೀಸಲು ಕೋಳಿ ಕೂಗುವ ಮುಂಚೆ ಎದ್ದು ಒಂದೂವರೆ ಗಂಟೆ ಎಂದು ಅತ್ತೆಯವರು ಅಂದಾಜು ಹೇಳಿದರು. ಒಬ್ಬ ಹುಡುಗ ಲೆಕ್ಕ ಹಾಕಿ, ವರ್ಷಕ್ಕೆ 547 ಗಂಟೆ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ 68 ದಿನದ ದುಡಿಮೆ ಎಂದ. ಹಬ್ಬ ಹರಿದಿನಗಳನ್ನು ಕಳೆಯಬೇಕೇ ಎಂದು ಅವನು ಕೇಳಿದಾಗ ಅತ್ತೆಯವರು, "ಸೋಮ್ವಾರ ಎತ್ಗಾದ್ರೂ ರಜ ಇತ್ತು ಕಣಪ್ಪ, ನೇಗ್ಲು ಕಟ್ತಿರ್ಲಿಲ್ಲ. ಕಲ್ಲಿಗೆ ಯಾವ ವಾರ?" ಎಂದರು.

ಮರುದಿನ ತರಗತಿಯಲ್ಲಿ ಹನ್ನೆರಡನೆಯ ಶತಮಾನದ ವಚನಕಾರ್ತಿಯರನ್ನು ನೆನಪಿಸಿದೆ. ಭತ್ತ ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮ, ನೂಲುವ ಕಾಯಕದ ಕದಿರ ರೆಮ್ಮವ್ವೆ, ಇವರ ದುಡಿಮೆ ಹೆಸರಿಗೇ ಅಂಟಿಕೊಂಡಿದೆ. ಹಾಗೆಯೇ ನಿಮ್ಮ ಮನೆಯ ಒಂದೊಂದು ವಸ್ತುವಿಗೆ ಚೀಟಿ ಬರೆಯಿರಿ; ಬಳಸಿದವರ ಹೆಸರು, ಹೊತ್ತು, ಕೂಲಿ ಮೂರೂ ಇರಲಿ ಎಂದೆ. ಹೆಚ್ಚಿನ ಚೀಟಿಗಳಲ್ಲಿ ಕೂಲಿಯ ಜಾಗದಲ್ಲಿ ಒಂದು ಗೆರೆ ಮಾತ್ರ ಇತ್ತು. ಒಬ್ಬ ಹುಡುಗಿ ಮಾತ್ರ ಊದುಬತ್ತಿ ಹೊಸೆಯುವ ಮಣೆಯ ಬಗ್ಗೆ ಬರೆದು, ಸಾವಿರ ಕಡ್ಡಿಗೆ ಇಷ್ಟು ಎಂದು ಅಮ್ಮನಿಗೆ ಸಿಗುವ ಹಣವನ್ನೂ ನಮೂದಿಸಿದ್ದಳು. ಚೀಟಿ ಕೊಡುವಾಗ, "ಮಿಸ್, ಶಾಲೆ ಬಿಟ್ಟ ಮೇಲೆ ನಾನೂ ಹೊಸೀತೀನಿ. ಬಳಸಿದವರು ಅನ್ನೋ ಕಡೆ ನನ್ನ ಹೆಸರೂ ಬರೀಲಾ?" ಎಂದು ಕೇಳಿದಳು.