ದುಃಖದ ಮನೆಯಲ್ಲಿ ಕೂರುವುದನ್ನು ನಾನು ಕಲಿತದ್ದು

ಮೊದಲ ಸಲ ಆ ಮನೆಗೆ ಹೋದಾಗ ನಾನು ಅತ್ತುಬಿಟ್ಟೆ. ಗಂಡ ಕಡಲಿನಿಂದ ವಾಪಸು ಬಾರದೆ ಒಂಬತ್ತು ದಿನ ಆಗಿದ್ದವಳು ಎದ್ದು ಒಳಗೆ ಹೋಗಿ ನನಗೆ ನೀರು ತಂದಳು. "ಅಕ್ಕೋರೆ, ಕುಡೀರಿ" ಅಂದಳು. ಆ ಸ್ಟೀಲ್ ಲೋಟ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅದು 2021ರ ಆಗಸ್ಟ್ ಕೊನೆ. ಮಳೆಗಾಲದ 61 ದಿನಗಳ ನಿಷೇಧ ಜುಲೈ 31ಕ್ಕೆ ಮುಗಿದು ದೋಣಿಗಳು ಮತ್ತೆ ನೀರಿಗಿಳಿದಿದ್ದವು. ಅಂಕೋಲೆ ಕಡೆಯ ಒಂದು ಬಂದರು ಊರಿನ ದೋಣಿ ಅಳಿವೆಯ ಹತ್ತಿರ ಮಗುಚಿತು. ಇಬ್ಬರು ಈಜಿ ದಡ ಸೇರಿದರು, ಒಬ್ಬ ಸಿಗಲಿಲ್ಲ. ಅವನ ಹೆಂಡತಿ ನನ್ನ ಹತ್ತಿರ ನಾಲ್ಕನೇ ಇಯತ್ತೆ ಕಲಿತವಳು. ಹೆಸರು, ಊರು ಬರೆಯುವುದಿಲ್ಲ. ಇಷ್ಟನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಆ ದಿನ ನಾನು ಮುಕ್ಕಾಲು ತಾಸು ಕೂತಿದ್ದೆ, ಅಷ್ಟು ಹೊತ್ತೂ ಮಾತಾಡಿದೆ. ದೇವರಿದ್ದಾನೆ ಅಂದೆ. ಮಕ್ಕಳ ಮುಖ ನೋಡಿ ಗಟ್ಟಿಯಾಗು ಅಂದೆ. ಕೊನೆಗೆ 2012ರಲ್ಲಿ ನಮ್ಮ ಯಜಮಾನರು ತೀರಿಕೊಂಡ ಕತೆ ತೆಗೆದೆ, ಹೇಳುತ್ತ ಹೇಳುತ್ತ ಗಂಟಲು ಕಟ್ಟಿತು. ಅವಳ ದುಃಖವನ್ನು ಹಗುರ ಮಾಡಲು ಹೋದವಳು ನನ್ನದನ್ನೂ ಅವಳ ತಲೆಯ ಮೇಲಿಟ್ಟು ಬಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ: ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮಾತು ಮೂರೋ ನಾಲ್ಕೋ, ಅದರಲ್ಲಿ ಒಂದು ನೀರಿನದ್ದು.

ಮೂವತ್ತಮೂರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು ನಾನು. ತರಗತಿಯಲ್ಲಿ ಮೌನ ಅಂದರೆ ಮಕ್ಕಳಿಗೆ ಉತ್ತರ ಗೊತ್ತಿಲ್ಲ ಅಂತ ಅರ್ಥ. ಕೂಡಲೇ ಸುಳಿವು ಕೊಡಬೇಕು, ಇನ್ನೊಂದು ಪ್ರಶ್ನೆ ಕೇಳಬೇಕು, ಆಗಲಿಲ್ಲ ಅಂದರೆ ಉತ್ತರ ನಾವೇ ಹೇಳಬೇಕು. ಈ ಅಭ್ಯಾಸ ನಿವೃತ್ತಿಯಾದ ದಿನ ಬಿಟ್ಟುಹೋಗುವಂಥದ್ದಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿಬರುವ ಸಣ್ಣ ಗುಂಪೊಂದನ್ನು ನಾನು ಆಗಷ್ಟೇ ಸೇರಿದ್ದೆ. ಅಲ್ಲಿ ಮೂರು ದಿನದ ತರಬೇತಿಯಲ್ಲಿ ಒಂದು ಪಾಠ ಹೀಗಿತ್ತು: ಇಬ್ಬರು ಕೂರಬೇಕು, ಒಬ್ಬರು ಮೂರು ನಿಮಿಷ ಮಾತಾಡಬೇಕು, ಇನ್ನೊಬ್ಬರು "ಹೂಂ" ಕೂಡ ಅನ್ನದೆ ಕೇಳಬೇಕು. ನಾನು ಒಂದು ನಿಮಿಷ ತುಂಬುವ ಮೊದಲೇ ಬಾಯಿ ಹಾಕಿದ್ದೆ. ಕಲಿಸುತ್ತಿದ್ದ ನರ್ಸ್ ಬೈಯಲಿಲ್ಲ. "ಈಗ ನೀವು ಬಾಯಿ ತೆರೆದದ್ದು ಅವರಿಗೆ ಬೇಕು ಅಂತಲೋ, ನಿಮಗೆ ತಡೆಯಲಿಕ್ಕಾಗಲಿಲ್ಲ ಅಂತಲೋ?" ಎಂದು ಕೇಳಿದರು. ಯಾರದೇ ಮನೆಯಲ್ಲಿ ಕೂತಿದ್ದರೂ ಬಾಯಿ ತೆರೆಯುವ ಮೊದಲು ನಾನು ಇದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹತ್ತರಲ್ಲಿ ಎಂಟು ಸಲ ಉತ್ತರ ಎರಡನೆಯದೇ.

ಆಪತ್ತಿನಲ್ಲಿರುವವರ ಜೊತೆ ಹೇಗಿರಬೇಕು ಎನ್ನುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ತಂದಿದೆ. ವೈದ್ಯರಲ್ಲದವರೂ ಬಳಸಬಹುದಾದದ್ದು. ಅದರ ಸಾರ ಮೂರು ಮಾತು: ನೋಡು, ಕೇಳು, ಜೋಡಿಸು. ಯಾರನ್ನೂ ಒತ್ತಾಯ ಮಾಡಿ ಮಾತಾಡಿಸಬೇಡಿ ಎಂದೂ ಅದರಲ್ಲಿದೆ. ತರಬೇತಿಯಲ್ಲಿ ಇದನ್ನು ನೋಟ್‌ಬುಕ್ಕಿನಲ್ಲಿ ಚೆನ್ನಾಗಿ ಬರೆದುಕೊಂಡಿದ್ದೆ. ಬರೆದುಕೊಂಡದ್ದು ಮೈಗೆ ಹತ್ತಲು ವರ್ಷಗಳೇ ಹಿಡಿದವು.

ನನಗೆ ನಿಜವಾಗಿ ದಾರಿ ತೋರಿಸಿದ್ದು ಕಾಲಿಗೆ ಕೊಡುವ ನೀರು. ನನ್ನ ತವರು ಶಿರಸಿ ಕಡೆಯ ಹಳ್ಳಿ. ಮನೆಗೆ ಯಾರೇ ಬರಲಿ, ಮೊದಲು ಕಾಲಿಗೆ ನೀರು, ಆಮೇಲೆ "ಆಸ್ರಿಗೆ ಎಂತ ಬೇಕು?", ಅಂದರೆ ಕುಡಿಯಲು ಏನು ಬೇಕು, ಎಂಬ ಮಾತು. ಎರಡನೇ ಸಲ ಅವಳ ಮನೆಗೆ ಹೋದಾಗ ಅಂಗಳದ ನಲ್ಲಿಯ ಹತ್ತಿರ ನಿಂತು ಕಾಲು ತೊಳೆದೆ. ಮಳೆ ಬಿಟ್ಟಿತ್ತು, ನೀರು ತಣ್ಣಗಿತ್ತು. ಹಿಮ್ಮಡಿಯ ಒಡಕಿಗೆ ತಾಗಿ ಚುರ್ರೆಂದಿತು. ಆ ಕ್ಷಣದಲ್ಲಿ ನನಗೆ ತಿಳಿದದ್ದು, ಬಸ್ ಇಳಿದು ಹತ್ತು ನಿಮಿಷ ಆಗಿದ್ದರೂ ನಾನು ಆ ಅಂಗಳಕ್ಕೆ ಇನ್ನೂ ಬಂದೇ ಇರಲಿಲ್ಲ. ಪಿಂಚಣಿ ಕಾಗದ, ಮಗಳ ಫೋನು, ರಾತ್ರಿಯ ಅಡುಗೆ, ಅವುಗಳಲ್ಲೇ ಇದ್ದೆ. ಅಲ್ಲಿಂದ ಇದನ್ನೇ ಕ್ರಮ ಮಾಡಿಕೊಂಡೆ. ಒಂದು ಸ್ಟಾಪ್ ಮೊದಲೇ ಇಳಿದು ನಡೆಯುತ್ತೇನೆ. ಫೋನ್ ಬಂದ್ ಮಾಡಿ ಚೀಲದ ತಳಕ್ಕೆ ಹಾಕುತ್ತೇನೆ. ಕಾಲು ತೊಳೆಯುವಾಗ ನೀರಿನ ತಂಪನ್ನಷ್ಟೇ ಗಮನಿಸುತ್ತೇನೆ, ಎಡಗಾಲು, ಬಲಗಾಲು. ಆಮೇಲೆ ಹೊಟ್ಟೆ ಬಿಗಿದಿದೆಯಾ ನೋಡಿಕೊಳ್ಳುತ್ತೇನೆ. ಬಿಗಿದಿದ್ದರೆ ಇನ್ನೂ ಒಂದು ತಂಬಿಗೆ ನೀರು. ಒಳಗೆ ಹೋದ ಮೇಲೆ ಮನಸ್ಸನ್ನು ಹಿಡಿದು ತರುವುದು ಬಹಳ ಕಷ್ಟ, ಹೊಸ್ತಿಲಿನ ಆಚೆಯೇ ಆ ಕೆಲಸ ಅರ್ಧ ಆಗಿರಬೇಕು.

ಇನ್ನೊಂದು ಸಂಗತಿ ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯದೆ ಬಿಟ್ಟರೆ ಈ ಅನುಭವ ಅರ್ಧವೇ. ನಾವು ಮೀನು ತಿನ್ನುವವರಲ್ಲ. ಕರಾವಳಿಯಲ್ಲಿ ಅಷ್ಟು ವರ್ಷ ಇದ್ದರೂ ನನ್ನ ಮೂಗಿಗೆ ಒಣಮೀನಿನ ವಾಸನೆ ಒಗ್ಗಿರಲಿಲ್ಲ. ಅವಳ ಮನೆಯ ಜಗುಲಿಯಲ್ಲಿ ಒಣಶೆಟ್ಲಿಯ, ಅಂದರೆ ಒಣಗಿಸಿದ ಸೀಗಡಿಯ, ಬುಟ್ಟಿ ಇರುತ್ತಿತ್ತು. ನಾನು ಮುಖ ಸಿಂಡರಿಸುತ್ತಿರಲಿಲ್ಲ, ಆದರೆ ಮೈ ಒಂದು ಗೇಣು ಹಿಂದಕ್ಕೆ ಸರಿಯುತ್ತಿತ್ತು. ಒಂದು ದಿನ ಅವಳು ಮಾತಾಡುತ್ತಿದ್ದವಳು ನಡುವೆಯೇ ಎದ್ದು ಬುಟ್ಟಿಯ ಮೇಲೆ ಗೋಣಿ ಮುಚ್ಚಿದಳು. ವಾಪಸು ಬಂದು ಕೂತಾಗ ಮಾತಿನ ಎಳೆ ಹೋಗಿತ್ತು. ದುಃಖದಲ್ಲಿರುವವರಿಗೆ ಎದುರಿನವರ ಮೈಯ ಭಾಷೆ ನಮ್ಮ ಮಾತಿಗಿಂತ ಬೇಗ ಮುಟ್ಟುತ್ತದೆ. ಮುಂದಿನ ವಾರ ನಾನೇ ಗೋಣಿ ತೆಗೆದು ಬುಟ್ಟಿಯನ್ನು ನಡುವೆ ಇಟ್ಟುಕೊಂಡೆ, ಶೆಟ್ಲಿಯೊಳಗಿನ ಕಸ ಆರಿಸಲು ಶುರು ಮಾಡಿದೆ. ಅವಳು ಬೇಡ ಅನ್ನಲಿಲ್ಲ. ತನ್ನ ಮೊರವನ್ನೂ ತಂದಳು.

ಅಂದಿನಿಂದ ಮಾತು ಬಂತು.

ನಾವು ಎದುರುಬದುರು ಕುರ್ಚಿ ಹಾಕಿ ಕೂತಿದ್ದಾಗ ಅವಳಿಗೆ ಉತ್ತರ ಕೊಡಲೇಬೇಕಾದ ಇಕ್ಕಟ್ಟು. ಪಕ್ಕಪಕ್ಕ ನೆಲಕ್ಕೆ ಕೂತು ಇಬ್ಬರ ಕಣ್ಣೂ ಮೊರದ ಮೇಲಿದ್ದರೆ ಮಾತಾಡಬಹುದು, ಆಡದೆ ಇರಲೂಬಹುದು. ನಮ್ಮ ಕಡೆಯವರಿಗೆ, ಗಂಡಸರಿಗಂತೂ, ಕೈಗೆ ಕೆಲಸವಿಲ್ಲದೆ ಮನಸ್ಸು ಬಿಚ್ಚುವುದು ಕಷ್ಟ ಎಂದು ನನಗೆ ಅನಿಸಿದೆ.

ಅವಳು ಹೇಳಿದ್ದು ಬಳೆಯ ವಿಷಯ. ಹೆಣ ಸಿಕ್ಕಿಲ್ಲ. ಬಳೆ ತೆಗೆಯಬೇಕೋ ಬೇಡವೋ? ಅತ್ತೆ ಬೇಡ ಅನ್ನುತ್ತಾರೆ, ಮಗ ಬರುತ್ತಾನೆ ಎಂದು. ಅಣ್ಣಂದಿರು ಕಾರ್ಯ ಮುಗಿಸಿಬಿಡೋಣ ಅನ್ನುತ್ತಾರೆ. ಮೊದಲು ಅಬ್ಬಲಿಗೆ ದಂಡೆ ಮುಡಿದು ಮೀನು ಮಾರಲು ಹೋಗುತ್ತಿದ್ದವಳು ಈಗ ಹೂ ಮುಡಿದರೆ ಒಬ್ಬರು ನೋಡುತ್ತಾರೆ, ಮುಡಿಯದಿದ್ದರೆ ಇನ್ನೊಬ್ಬರು ನೋಡುತ್ತಾರೆ. ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು: ಈ ಕಾಲದಲ್ಲಿ ಬಳೆ ಯಾಕೆ ತೆಗೀಬೇಕು? ನಾನೇ ತೆಗೆದಿರಲಿಲ್ಲವಲ್ಲ. ಆದರೆ ಅವಳು ನನ್ನ ಅಭಿಪ್ರಾಯ ಕೇಳಿರಲಿಲ್ಲ. ಎರಡೂ ಕಡೆಯವರು ಜಗ್ಗುತ್ತಿದ್ದ ಹಗ್ಗಕ್ಕೆ ಮೂರನೆಯವಳಾಗಿ ಕೈ ಹಾಕಬಾರದು ಅಂತ ಸುಮ್ಮನೆ ಶೆಟ್ಲಿ ಆರಿಸಿದೆ. ತುಂಬ ಹೊತ್ತಿನ ಮೇಲೆ ಅವಳೇ ಅಂದಳು, "ಅವ್ರು ಇದ್ದಾರೆ ಅಂತ ಅಲ್ಲ, ಇಲ್ಲ ಅಂತನೂ ಅಲ್ಲ, ಅಕ್ಕೋರೆ."

ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಎಂಬವರು 1970ರ ದಶಕದಿಂದ ಇಂಥ ನಷ್ಟದ ಬಗ್ಗೆಯೇ ಕೆಲಸ ಮಾಡಿದ್ದಾರೆ. ಕಾಣೆಯಾದವರ ಮನೆಯವರಿಗೆ ದುಃಖ ಮುಗಿಸುವ ಗಡಿಯೇ ಇರುವುದಿಲ್ಲ, ಅದು ಅವರ ಮನಸ್ಸಿನ ದೌರ್ಬಲ್ಯ ಅಲ್ಲ, ಪರಿಸ್ಥಿತಿಯೇ ಹಾಗಿದೆ ಎಂದು ಅವರು ತೋರಿಸಿಕೊಟ್ಟರು. ನಾನು ಇದನ್ನು ಓದಿದ್ದು ಆಮೇಲೆ. ಓದುವಾಗ ಅವಳ ಮಾತೇ ಕಿವಿಯಲ್ಲಿತ್ತು. ಕಾನೂನಿನಲ್ಲೂ ಹಾಗೆಯೇ: ಏಳು ವರ್ಷ ಸುದ್ದಿಯಿಲ್ಲದಿದ್ದರೆ ಮಾತ್ರ ಸತ್ತರೆಂದು ಭಾವಿಸಲು ಅವಕಾಶ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ದಂಡೆಯಲ್ಲಿ ಕಾಯುತ್ತ ನಿಂತವರನ್ನು ಜಿಲ್ಲೆಯೇ ನೋಡಿತು. ನೀರಿಗೆ ಬಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಎಪ್ಪತ್ತು ದಿನ ದಾಟಿದ ಮೇಲೆ. ಆ ದಿನಗಳಲ್ಲಿ ಟಿವಿ ಹಾಕಿದಾಗೆಲ್ಲ ನಾನು ನೋಡುತ್ತಿದ್ದದ್ದು ಕಾಯುವವರ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು. ನಮ್ಮ ಬಂದರು ಊರಿನ ಆ ಹುಡುಗಿಯೂ ನೋಡುತ್ತಿದ್ದಳಂತೆ. ಆ ವಾರ ನಾನು ಎರಡು ಸಲ ಹೋದೆ. ಟಿವಿ ಬಂದ್ ಮಾಡು ಎಂದು ಹೇಳಲಿಲ್ಲ. ಅವಳ ಜೊತೆ ಕೂತು ನೋಡಿದೆ.

ಅವಳ ಮನೆಮಾತು ಕೊಂಕಣಿ. ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾಳೆ, ಆದರೆ ಎದೆ ತುಂಬಿ ಬಂದಾಗ ಅವಳಿಗೇ ತಿಳಿಯದೆ ಕೊಂಕಣಿಗೆ ಹೊರಳುತ್ತಾಳೆ. ನನಗೆ ಅರ್ಧ ತಿಳಿಯುತ್ತದೆ. ಮೊದಮೊದಲು "ಏನಂದೆ?" ಎಂದು ಕೇಳುತ್ತಿದ್ದೆ. ಕೇಳಿದ ಕೂಡಲೇ ಅವಳು ಕಣ್ಣೊರೆಸಿ ಕನ್ನಡಕ್ಕೆ ಬರುತ್ತಿದ್ದಳು, ಅಕ್ಕೋರಿಗೆ ಪಾಠ ಒಪ್ಪಿಸುವ ಹುಡುಗಿಯ ಹಾಗೆ. ಈಗ ಕೇಳುವುದಿಲ್ಲ. ಪ್ರತಿ ಶಬ್ದ ನನಗೆ ತಿಳಿಯಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಮನಸ್ಸು ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಹೋಗುತ್ತದೆ. ಅದು ಹೋಗಬಾರದು ಎಂದು ಹಟ ಹಿಡಿದರೆ ಆ ಹಟದಲ್ಲೇ ಮುಳುಗಿ ಎದುರಿನವರು ಮರೆತುಹೋಗುತ್ತಾರೆ. ನಾನು ಮಾಡುವುದಿಷ್ಟೆ: ಹೋದದ್ದು ತಿಳಿದ ಕೂಡಲೇ ಅವರ ಕೈ ನೋಡುತ್ತೇನೆ. ಮುಖ ನೋಡಿದರೆ ಅವರಿಗೆ ಮುಜುಗರ, ಕೈ ನೋಡಿದರೆ ಆಗುವುದಿಲ್ಲ. ಕೈ ನಿಂತಿದೆಯಾ, ಬೆರಳು ಬಿಗಿದಿದೆಯಾ, ಸೆರಗಿನ ತುದಿ ಸುತ್ತುತ್ತಿದೆಯಾ. ನಡುವಿನ ಒಂದು ಮಾತು ತಪ್ಪಿಹೋಗಿದ್ದರೆ, ಕೇಳಿಸಿಕೊಂಡವಳಂತೆ ನಟಿಸದೆ, "ಇನ್ನೊಂದು ಸಲ ಹೇಳು ಮಗಾ, ನನ್ನ ಗಮನ ತಪ್ಪಿತು" ಅನ್ನುತ್ತೇನೆ. ಯಾರೂ ಬೇಸರ ಮಾಡಿಕೊಂಡದ್ದಿಲ್ಲ.

2023ರ ಡಿಸೆಂಬರಿನಲ್ಲಿ ತವರಿಗೆ ಹೋಗಿದ್ದೆ. ಅಡಿಕೆ ಸುಲಿಯುವ ಕಾಲ. ಅಲ್ಲೊಂದು ಮನೆಯಲ್ಲಿ ಮಗ ತನ್ನ ಜೀವ ತಾನೇ ತೆಗೆದುಕೊಂಡು ನಾಲ್ಕು ತಿಂಗಳಾಗಿತ್ತು. ಅಂಥ ಸಾವಾದ ಮನೆಗೆ ಹದಿಮೂರು ದಿನ ಜನ ಬರುತ್ತಾರೆ, ಆಮೇಲೆ ಊರಿಗೆ ಊರೇ ಆ ವಿಷಯ ಬಿಟ್ಟು ಮಳೆ, ಕೊಳೆರೋಗ, ಅಡಿಕೆ ದರ ಮಾತಾಡುತ್ತದೆ. ತಂದೆ ನನಗಿಂತ ಐದಾರು ವರ್ಷ ಸಣ್ಣವರು, ಚಿಕ್ಕಂದಿನಿಂದ ನನ್ನನ್ನು ಅಕ್ಕ ಅನ್ನುವವರು. ರಾತ್ರಿ ಅವರ ಮನೆಯಲ್ಲಿ ಐದಾರು ಜನ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುತ್ತಿದ್ದರು. ನಾನೂ ಹೋಗಿ ಕೂತೆ. ಕವಳದ, ಎಲೆ ಅಡಿಕೆಯ, ತಬಕು ಸುತ್ತು ಬರುತ್ತಿತ್ತು. ಮೊದಲ ರಾತ್ರಿ ಅವರು ಏನೂ ಮಾತಾಡಲಿಲ್ಲ, ಎರಡನೇ ರಾತ್ರಿಯೂ ಇಲ್ಲ. ಮೂರನೇ ರಾತ್ರಿ ಉಳಿದವರು ಎದ್ದು ಹೋದ ಮೇಲೆ, ಚೊಗರು ಹತ್ತಿ ಕಪ್ಪಾದ ಬೆರಳು ನೋಡುತ್ತ, "ಅಂವ ಯನ್ನ ಹತ್ರ ಒಂದ್ ಮಾತೂ ಹೇಳಿದ್ನಿಲ್ಲೆ ಅಕ್ಕಾ" ಅಂದರು.

ಹಿಂದೆ ಆಗಿದ್ದರೆ "ನಿನ್ನ ತಪ್ಪೇನಿಲ್ಲ" ಅನ್ನುತ್ತಿದ್ದೆ. ಅದು ನಿಜವೂ ಹೌದು. ಆದರೆ ಆ ಮಾತು ಬಾಗಿಲು ಹಾಕುತ್ತದೆ. ತಪ್ಪು ಯಾರದ್ದೆಂದು ಅವರು ಇನ್ನೂ ಹೇಳಿಯೇ ಇರಲಿಲ್ಲ. ನಾನು ಕತ್ತಿಯಿಂದ ಕೈ ತೆಗೆದೆ, ಅಷ್ಟೇ. ಅವರು ಹೇಳುತ್ತ ಹೋದರು. ಗಂಟೆ ಒಂದಾಗಿತ್ತು. ಕೊನೆಯಲ್ಲಿ ನಾನು ಒಂದೇ ಒಂದು ಪ್ರಶ್ನೆ ಕೇಳಿದೆ, ನೇರವಾಗಿ: "ತಮ್ಮಾ, ನಿಂಗೂ ಸಾಯವು ಅನ್ನಿಸ್ತಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಎಲ್ಲರಿಗೂ ಇದೆ. ಅದು ಸರಿಯಲ್ಲ ಎಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗೆ ಇದ್ದರೆ ಹೊರಗೆ ಬರಲು ದಾರಿಯಾಗುತ್ತದೆ. ಅವರು ಹೌದು ಅಂದರು.

ಅಲ್ಲಿಗೆ ಸುಮ್ಮನೆ ಕೂರುವ ಕೆಲಸ ಮುಗಿದು ಬೇರೆ ಕೆಲಸ ಶುರುವಾಗುತ್ತದೆ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಪಕ್ಕದಲ್ಲಿ ಕೂರುವುದು ಎಲ್ಲಕ್ಕೂ ಮದ್ದು ಎಂದು ಯಾರೂ ತಿಳಿಯಬಾರದು. ಆ ರಾತ್ರಿಯೇ, ಅವರಿಗೆ ಹೇಳಿಯೇ, ಅವರ ಹೆಂಡತಿಯನ್ನು ಎಬ್ಬಿಸಿದೆ. ತೋಟದ ಔಷಧಿ ಇಡುವ ಕೋಣೆಯ ಕೀಲಿ ಹೆಂಡತಿಯ ಕೈಗೆ ಹೋಯಿತು. 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿನಿಂದ ಇದೆ, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಳಗಾಗುವವರೆಗೆ ಮೂವರೂ ಜಗುಲಿಯಲ್ಲೇ ಇದ್ದೆವು. ಬೆಳಿಗ್ಗೆ ಅವರ ಜೊತೆ ನಾನೂ ಶಿರಸಿಗೆ ಡಾಕ್ಟರ ಹತ್ತಿರ ಹೋದೆ. ಈಗ ಮಾತ್ರೆ ತೆಗೆದುಕೊಳ್ಳುತ್ತಾರೆ, ತೋಟಕ್ಕೆ ಇಳಿಯುತ್ತಾರೆ. ಪೂರ್ತಿ ಮೊದಲಿನಂತೆ ಆಗಿಲ್ಲ, ಆಗಬೇಕೆಂದು ನಾನು ಕಾಯುತ್ತಲೂ ಇಲ್ಲ.

ನನ್ನ ಮಿತಿಯೂ ತಿಳಿದಿದೆ. ವಾರಕ್ಕೆ ಮೂರು ಮನೆ, ಅದಕ್ಕಿಂತ ಹೆಚ್ಚಾದರೆ ನಾಲ್ಕನೆಯ ಮನೆಯಲ್ಲಿ ನನ್ನ ಮೈ ಮಾತ್ರ ಇರುತ್ತದೆ. ಜ್ವರ ಬಂದ ದಿನ, ಮಗಳ ಹತ್ತಿರ ಜಗಳವಾದ ದಿನ ಹೋಗುವುದಿಲ್ಲ, ಫೋನ್ ಮಾಡಿ ಇನ್ನೊಂದು ದಿನ ಬರುತ್ತೇನೆ ಅನ್ನುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ "ಅಕ್ಕೋರು ಆ ಮನೆಗೆ ಎಂತಕ್ಕೆ ಹೋಗಿದ್ರು?" ಎಂದು ಕೇಳುವವರಿಗೆ "ನನ್ನ ಶಾಲೆಯ ಹುಡುಗಿ, ನೋಡಿ ಬಂದೆ" ಎಂಬುದಷ್ಟೇ ಉತ್ತರ. ನನ್ನೊಳಗೆ ಉಳಿದದ್ದನ್ನು ಇಳಿಸಲು ಗುಂಪಿನ ಒಬ್ಬ ಗೆಳತಿ ಇದ್ದಾಳೆ. ಅವಳಿಗೆ ಫೋನ್ ಮಾಡಿ ಯಾರ ಹೆಸರೂ ಹೇಳದೆ ನನಗೇನಾಯಿತು ಎಂಬುದನ್ನು ಹೇಳುತ್ತೇನೆ. ನಮ್ಮ ಯಜಮಾನರ ನೆನಪಿಗೂ ಅಲ್ಲೇ ಜಾಗ. ಅವಳ ಹತ್ತಿರ ಅಳಬಹುದು.

ಬಂದರು ಊರಿನವಳು ಬಳೆ ತೆಗೆದಳೋ ಇಲ್ಲವೋ ಎಂದು ನಮ್ಮ ಗುಂಪಿನ ಹೊಸಬರು ಕೇಳುತ್ತಾರೆ. ಅದನ್ನು ನಾನು ಹೇಳುವುದಿಲ್ಲ, ಅದು ಅವಳದ್ದು. ಹೋದ ತಿಂಗಳು ಯಾವುದೋ ಕಾಗದಕ್ಕೆ ತಹಶೀಲ್ದಾರ ಕಚೇರಿಗೆ ಹೋಗಬೇಕು, ಜೊತೆಗೆ ಬನ್ನಿ ಅಂದಳು. ಹೊರಗಿನ ಬೆಂಚಿನ ಮೇಲೆ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಕೂತೆವು. ಅವಳು ಚೀಲದಿಂದ ಬಿಡಿ ಅಬ್ಬಲಿಗೆ ಹೂ, ಬಾಳೆನಾರು ತೆಗೆದಳು. ಮಗಳ ಶಾಲೆಯಲ್ಲಿ ಮರುದಿನ ಕಾರ್ಯಕ್ರಮವಂತೆ. ಅರ್ಧ ಹೂವನ್ನು ನನ್ನ ಮಡಿಲಿಗೆ ಸುರಿದು, "ಅಕ್ಕೋರೆ, ನೀವು ಆ ಕಡೆಯಿಂದ ಕಟ್ಟಿ" ಅಂದಳು.