ಪ್ಯಾಕೇಜ್ ದುಡ್ಡಿನಲ್ಲಿ ರೇಡಿಯಲ್ ಗ್ರಾಫ್ಟ್: ನನ್ನ ಅನುಭವ

ಮಂಗಳೂರಿನಲ್ಲಿ ನಾನು ಹೃದಯದ ಬೈಪಾಸ್‌ಗೆ ರೇಡಿಯಲ್, ಅಂದರೆ ಮುಂಗೈಯ ಆರ್ಟರಿಯನ್ನು, ಗ್ರಾಫ್ಟ್ (ಬ್ಲಾಕ್ ದಾಟಿಸುವ ಬದಲಿ ರಕ್ತನಾಳ) ಆಗಿ ಬಳಸಲು ಶುರು ಮಾಡಿದಾಗ ಬೆಂಬಲಿಸಿದವರು ಕಮ್ಮಿ. ಟೈಮ್ ಹಿಡಿಯುತ್ತೆ ಅಂದರು ಅನಸ್ತೀಷಿಯಾದವರು, ಸ್ಪಾಸ್ಮ್ ಬರುತ್ತೆ, ನಾಳ ಸೆಟೆದುಕೊಳ್ಳುತ್ತೆ ಅಂದರು ಹಿರಿಯರು. ಬಿಲ್ಲಿಂಗ್‌ನವರದ್ದು ಒಂದೇ ಮಾತು: ಕಾಲಿನ ವೇನ್ ಪುಕ್ಕಟೆ ಸಿಗುತ್ತಲ್ಲ!

ಹೃದಯದ ಮುಂಭಾಗದ ಮುಖ್ಯ ನಾಳವಾದ ಎಲ್‌ಎಡಿಗೆ ಲಿಮಾ (ಎದೆಯೊಳಗಿನ ಎಡ ಮ್ಯಾಮರಿ ಆರ್ಟರಿ), ಅದರಲ್ಲಿ ಚರ್ಚೆಯೇ ಇಲ್ಲ. ಹತ್ತು ವರ್ಷ ಕಳೆದರೂ ನೂರಕ್ಕೆ ತೊಂಬತ್ತು ತೆರೆದೇ ಇರುತ್ತವೆ. ಅಷ್ಟೊತ್ತಿಗೆ ವೇನ್ ಅರ್ಧದ ಹತ್ತಿರ ಮುಚ್ಚಿರುತ್ತೆ. ತಲೆಬಿಸಿ ಇರೋದು ಎರಡನೇ ಗ್ರಾಫ್ಟ್‌ದು.

ಮೊದಲು ರೀಮಾ, ಅಂದರೆ ಬಲ ಮ್ಯಾಮರಿ, ನೋಡಿದೆ. ನಮ್ಮಲ್ಲಿ ಶುಗರ್ ಇರುವವರೇ ಜಾಸ್ತಿ. ಸ್ಕೆಲಿಟನೈಸ್ ಮಾಡಿ, ಅಂದರೆ ಸುತ್ತಲಿನ ಮಾಂಸ ಬಿಟ್ಟು ನಾಳವನ್ನಷ್ಟೇ ಬಿಡಿಸಿ ತೆಗೆದರೂ ಒಬ್ಬರ ಎದೆಗಾಯ ಬಿಟ್ಟುಕೊಂಡಿತು. ವ್ಯಾಕ್ (ಗಾಳಿ ಹೀರಿ ಗಾಯ ಮಾಗಿಸುವ) ಡ್ರೆಸ್ಸಿಂಗ್, ಮರುಹೊಲಿಗೆ, ತಿಂಗಳುಗಟ್ಟಲೆ ವಾರ್ಡ್. ಪ್ಯಾಕೇಜ್ ದುಡ್ಡು (ಆಪರೇಷನ್‌ಗೆ ಮೊದಲೇ ನಿಗದಿಯಾದ ಮೊತ್ತ) ಎರಡನೇ ವಾರಕ್ಕೇ ಖಾಲಿ. 2019ರಲ್ಲಿ, ಒಂದು ಮ್ಯಾಮರಿಯನ್ನೂ ಎರಡನ್ನೂ ಹೋಲಿಸಿದ ಆರ್ಟ್ ಟ್ರಯಲ್‌ನ ಹತ್ತು ವರ್ಷದ ಫಲಿತಾಂಶ ಬಂತು. ಎರಡು ಮ್ಯಾಮರಿ ಹಾಕಿದವರ ಆಯುಷ್ಯ ಒಂದು ಹಾಕಿದವರಿಗಿಂತ ಜಾಸ್ತಿ ಇರಲಿಲ್ಲ. ಅದರಲ್ಲಿ ಒಂದು ಗುಂಪಿನವರಿಗೆ ಇನ್ನೊಂದು ಗುಂಪಿನ ಆಪರೇಷನ್ ಆದ ಅದಲುಬದಲೂ ಸಾಕಷ್ಟಿತ್ತು, ಅದು ಬೇರೆ ಮಾತು. ನಾನಂತೂ ಶುಗರ್‌ನವರಿಗೆ ರೀಮಾ ಬಿಟ್ಟೆ.

ರೇಡಿಯಲ್ ಸುಲಭದಲ್ಲಿ ಒಲಿಯಲಿಲ್ಲ. 1970ರ ದಶಕದಲ್ಲಿ ಫ್ರಾನ್ಸಿನ ಸರ್ಜನ್ ಕಾರ್ಪೆಂಟಿಯರ್ ಅವರೇ ಹಾಕಿ ಕೈಬಿಟ್ಟದ್ದು ಇದನ್ನು. ನಮ್ಮಲ್ಲೂ ಇಪ್ಪತ್ತು ಸೆಂಟಿಮೀಟರ್ ಉದ್ದದ ಆರ್ಟರಿ ಟ್ರೇಗೆ ಬೀಳುವಷ್ಟರಲ್ಲಿ ಒಣ ಸೇಮಿಗೆಯಷ್ಟು ಸಪೂರ ಆಗ್ತಿತ್ತು. ನಾಳ ಸಡಿಲಿಸುವ ಪ್ಯಾಪಾವರಿನ್ ಒಂದೇ ಸಾಲಲಿಲ್ಲ. ಈಗ ರೋಗಿಯದೇ ಹೆಪರಿನ್ ಹಾಕಿದ ರಕ್ತ, ನೈಟ್ರೋಗ್ಲಿಸರಿನ್, ವೆರಾಪಮಿಲ್ ಸೇರಿಸಿ ಅದರಲ್ಲಿಡುತ್ತೇವೆ. ಪಾಲು ಎಷ್ಟು ಅಂತ ಇಲ್ಲಿ ಬರೆಯಲ್ಲ. ಓಟಿಗೆ ಬನ್ನಿ, ತೋರಿಸ್ತೇನೆ.

ಸ್ಪಾಸ್ಮ್‌ಗಿಂತ ಜಾಸ್ತಿ ಕಾಡಿದ್ದು ಜಾಗ. 60 ಪರ್ಸೆಂಟ್ ಬ್ಲಾಕ್ ಇದ್ದ ಆರ್‌ಸಿಎಗೆ (ಬಲ ಕೊರೊನರಿ ನಾಳ) ಹಾಕಿದ್ದು ಮುಂದೆ ಆಂಜಿಯೋದಲ್ಲಿ ಸ್ಟ್ರಿಂಗ್ ಸೈನ್ ತೋರಿಸಿತು: ಮೂಲ ನಾಳದಲ್ಲೇ ರಕ್ತ ಸಾಕಷ್ಟು ಹರಿಯುತ್ತಿದ್ದರಿಂದ ಗ್ರಾಫ್ಟ್ ದಾರದಷ್ಟು ಸಪೂರ ಆಗಿತ್ತು. ಈಗ ಬ್ಲಾಕ್ ಎಡಗಡೆಯ ನಾಳಗಳಲ್ಲಿ 70, ಬಲಗಡೆಯದರಲ್ಲಿ 90 ಪರ್ಸೆಂಟ್ ದಾಟದಿದ್ದರೆ ವೇನೇ ಗತಿ.

ಆರ್ಟರಿ ಬಿಡಿಸುವ ಅಲ್ಟ್ರಾಸೌಂಡ್ ಕತ್ತಿ, ಅಂದರೆ ಹಾರ್ಮೋನಿಕ್ ಪ್ರೋಬ್‌ಗೆ ಮೂವತ್ತು ಸಾವಿರದ ಹತ್ತಿರ. ಪ್ಯಾಕೇಜ್‌ನಲ್ಲಿ ಅದು ಎಲ್ಲಿಂದ ಬರಬೇಕು? ಕತ್ತರಿ, ಕ್ಲಿಪ್, ಕಮ್ಮಿ ಪವರ್ ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ), ಇಷ್ಟೇ. ಎದೆ ತೆರೆಯುವ ಹೊತ್ತಿಗೇ ಇನ್ನೊಬ್ಬರು ರೋಗಿಯ ಕೈಯಲ್ಲಿ ಆರ್ಟರಿ ಬಿಡಿಸಲು ಶುರು ಮಾಡಿದರೆ ಟೈಮ್ ದೂರೂ ಇಲ್ಲ. ನಡುವೆ ಹೊಟ್ಟೆಯ ಗ್ಯಾಸ್ಟ್ರೋಎಪಿಪ್ಲೋಯಿಕ್ ಆರ್ಟರಿ ಕೂಡ ನೋಡಿದ್ದುಂಟು. ಜಪಾನಿನವರಿಗೆ ಒಗ್ಗಿದೆ, ನಮಗೆ ಹೊಟ್ಟೆ ತೆರೆಯುವ ರಗಳೆಯೇ ಜಾಸ್ತಿ ಅನಿಸಿತು.

ರೋಗಿಗಳ ಚಿಂತೆಯೇ ಬೇರೆ. "ಕೈಯ ನರ ತೆಗೆದ್ರೆ ಬಲೆ ಎಳೆಯೋದು ಹೇಗೆ ಮಾರಾಯ್ರೆ?" ಅಂತ ಕೇಳಿದ್ದರು ಮಲ್ಪೆಯ ಬೋಟಿನವರೊಬ್ಬರು. ಹೆಬ್ಬೆರಳಿಗೆ ಆಕ್ಸಿಮೀಟರ್ ಹಾಕಿ ಅವರೆದುರೇ ರೇಡಿಯಲ್ ಒತ್ತಿ ಹಿಡಿದೆ. ಪರದೆಯ ಅಲೆ ನಿಲ್ಲಲಿಲ್ಲ, ಅಂದರೆ ಕೈಯ ಇನ್ನೊಂದು ಆರ್ಟರಿಯೇ ಸಾಕಷ್ಟು ರಕ್ತ ಕೊಡುತ್ತಿದೆ. "ಹಾಗಾದ್ರೆ ತೆಗೀರಿ" ಅಂದರು. ಹೆಬ್ಬೆರಳ ಬುಡದಲ್ಲಿ ಕೆಲವು ತಿಂಗಳು ಜೋಮು ಇತ್ತು, ಅಷ್ಟೇ. ಬೀಡಿ ಕಟ್ಟುವ ಹೆಂಗಸರಿಗೆ ಈ ಜೋಮಿನ ವಿಷಯ ಮೊದಲೇ ಹೇಳಬೇಕು.

ನಮ್ಮ ದಾಖಲೆ ಪುಸ್ತಕ ನೋಡದೆ ಹೇಳೋದಾದರೆ, ಐದು ವರ್ಷ ದಾಟಿ ಸಿಟಿ ಆಂಜಿಯೋ ಮಾಡಿಸಿದವರಲ್ಲಿ ತೊಂಬತ್ತು ಪರ್ಸೆಂಟ್ ಆಸುಪಾಸು ರೇಡಿಯಲ್ ತೆರೆದಿವೆ. ಟೈಮ್ ವೇಸ್ಟ್ ಅಂದವರೇ ಈಗ ಜೂನಿಯರ್‌ಗಳನ್ನು ನೋಡಿ ಕಲಿಯಲು ಕಳಿಸ್ತಾರೆ. ಈಗ ಉಳಿದಿರೋ ಜಗಳ ಆಂಜಿಯೋ ಮಾಡುವ ಕ್ಯಾತ್ ಲ್ಯಾಬ್ ಜೊತೆ: ಆಂಜಿಯೋ ಬಲಗೈಯ ಆರ್ಟರಿಯಲ್ಲೇ ಮಾಡಿ, ಎಡಗೈಯದನ್ನು ಗ್ರಾಫ್ಟ್‌ಗೆ ನಮಗೆ ಬಿಡಿ ಅಂತ. ಅರ್ಧ ಜನ ಒಪ್ಪಿದ್ದಾರೆ.