ಸ್ಖಲನ ನಾಳದ ತಡೆ: ಲೂಪ್ ಹಿಡಿಯುವ ಮೊದಲು ಸೂಜಿ

ವೀರ್ಯ ಪರೀಕ್ಷೆಯ ವರದಿಯಲ್ಲಿ ವೀರ್ಯಾಣು ಸೊನ್ನೆ ಎಂದಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಪ್ರಮಾಣ, ಪಿಎಚ್, ಫ್ರಕ್ಟೋಸ್ ಕಡೆಗೆ. ಪ್ರಮಾಣ 1.5 ಮಿ.ಲೀ.ಗಿಂತ ಕಡಿಮೆ, ಪಿಎಚ್ 7.2ಕ್ಕಿಂತ ಕೆಳಗೆ, ಫ್ರಕ್ಟೋಸ್ ಇಲ್ಲವೇ ಇಲ್ಲ ಎಂದರೆ ವೀರ್ಯಕೋಶದ (ವೀರ್ಯದ ಬಹುಪಾಲು ದ್ರವ ತಯಾರಿಸುವ ಚೀಲ) ದ್ರವ ಹೊರಬರುತ್ತಿಲ್ಲ. ವೃಷಣದ ಗಾತ್ರ, ಎಫ್‌ಎಸ್‌ಎಚ್ (ವೀರ್ಯಾಣು ಉತ್ಪಾದನೆಯನ್ನು ಪ್ರಚೋದಿಸುವ ಹಾರ್ಮೋನ್) ಸರಿಯಿದ್ದರೆ ಉತ್ಪಾದನೆಗೆ ತೊಂದರೆಯಿಲ್ಲ, ದಾರಿ, ಅಂದರೆ ವೀರ್ಯವನ್ನು ಮೂತ್ರನಾಳಕ್ಕೆ ತರುವ ಸ್ಖಲನ ನಾಳ, ಕಟ್ಟಿದೆ ಎನ್ನಬಹುದು. ಆದರೆ ಹುಟ್ಟಿನಿಂದಲೇ ಎರಡೂ ವೀರ್ಯನಾಳ ಇಲ್ಲದವರ ವರದಿಯೂ ಥೇಟ್ ಹೀಗೇ ಇರುತ್ತದೆ. ವೃಷಣಚೀಲದ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಾಗ ದಾರದಂಥ ಗಟ್ಟಿ ನಾಳ ಸಿಗದಿದ್ದರೆ ಕಟ್ಟಿದ ನಾಳವನ್ನು ಲೂಪ್‌ನಿಂದ (ಕರೆಂಟ್ ಹಾಯುವ ತಂತಿಯ ಕುಣಿಕೆ) ಕೆತ್ತಿ ತೆರೆಯುವ ಶಸ್ತ್ರಚಿಕಿತ್ಸೆಯ ಮಾತು ಅಲ್ಲಿಗೇ ಮುಗಿಯಿತು. ನಾಲ್ಕು ಸ್ಕ್ಯಾನ್ ಮಾಡಿಸಿ, ಇದೊಂದನ್ನು ಮುಟ್ಟಿ ನೋಡದೆ ಕಳಿಸುವುದು ಅಪರೂಪವೇನಲ್ಲ.

ಗುದದ್ವಾರದ ಮೂಲಕ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ವೀರ್ಯಕೋಶ 15 ಮಿ.ಮೀ. ದಾಟಿ ಹಿಗ್ಗಿದೆಯೇ, ಪ್ರಾಸ್ಟೇಟಿನ ನಡುಗೆರೆಯಲ್ಲಿ ಸಿಸ್ಟ್ ಅಥವಾ ಕಲ್ಲು ಇದೆಯೇ ಎಂದು ನೋಡುತ್ತೇನೆ. ಹಿಗ್ಗಿದ್ದೆಲ್ಲ ತಡೆಯಲ್ಲ. ಅದಕ್ಕೇ ಸೂಜಿ ಹಾಕಿ ವೀರ್ಯಕೋಶದ ದ್ರವ ತೆಗೆಯುತ್ತೇನೆ. ಹಿಂದಿನ ದಿನ ಸ್ಖಲನ ಆಗಿರಬೇಕು, ಇಲ್ಲದಿದ್ದರೆ ತಡೆಯಿಲ್ಲದವರಲ್ಲೂ ಅಲ್ಲಿ ವೀರ್ಯಾಣು ಸಿಕ್ಕಿ ದಾರಿ ತಪ್ಪಿಸುತ್ತವೆ. ಆಂಟಿಬಯಾಟಿಕ್ ಕೊಡದೆ ಸೂಜಿ ಹಾಕುವುದಿಲ್ಲ. ಸೂಕ್ಷ್ಮದರ್ಶಕದ ಹೈ ಪವರ್ ಫೀಲ್ಡ್ ಒಂದರಲ್ಲಿ ಮೂರಕ್ಕಿಂತ ಹೆಚ್ಚು ಚಲಿಸುವ ವೀರ್ಯಾಣು ಕಂಡರೆ ತಡೆ ಕೆಳಗಡೆ ಸ್ಖಲನ ನಾಳದಲ್ಲೇ ಇದೆ, ಮೇಲಿನ ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿಕೊಂಡ, ವೀರ್ಯಾಣು ಮಾಗುವ ಸುರುಳಿ ನಾಳ) ತೆರೆದಿದೆ. ಒಂದೂ ಸಿಗದಿದ್ದರೆ ಎಪಿಡಿಡಿಮಿಸ್ ಕೂಡ ಮುಚ್ಚಿರುವ ಸಾಧ್ಯತೆ ಇದೆ, ಆಗ ಕೆಳಗಿನ ಬಾಗಿಲು ತೆರೆದು ಪ್ರಯೋಜನವಿಲ್ಲ. ಅದೇ ಸೂಜಿಯಿಂದ ತೆಳು ಮೆಥಿಲೀನ್ ಬ್ಲೂ ತುಂಬಿದರೆ ಮುಂದಿನ ಕೆಲಸಕ್ಕೆ ಗುರುತು ಸಿಗುತ್ತದೆ.

ಬೆನ್ನಿಗೆ ಅರಿವಳಿಕೆ, ಲಿಥಾಟಮಿ ಭಂಗಿ (ಕಾಲು ಮೇಲೆತ್ತಿ ಅಗಲಿಸಿ ಮಲಗಿಸುವುದು), ರಿಸೆಕ್ಟೋಸ್ಕೋಪ್ (ಮೂತ್ರನಾಳದೊಳಗೆ ತೂರಿಸಿ, ನೋಡುತ್ತಾ ಕತ್ತರಿಸುವ ಉಪಕರಣ). ವೆರುಮೊಂಟಾನಮ್ (ಸ್ಖಲನ ನಾಳಗಳು ಮೂತ್ರನಾಳಕ್ಕೆ ತೆರೆಯುವ ಜಾಗದ ಉಬ್ಬು) ಕಂಡ ಮೇಲೆ ನಡುಗೆರೆಯಲ್ಲಿ ಲೂಪ್‌ನಿಂದ ತೆಳ್ಳಗೆ ಕೆತ್ತುತ್ತಾ ಹೋಗುತ್ತೇನೆ. ಗುದದಲ್ಲಿಟ್ಟ ಬೆರಳಿಗೆ ಹಿಂಬದಿ ಎಷ್ಟು ದಪ್ಪ ಉಳಿದಿದೆ ಎಂದು ತಿಳಿಯುತ್ತಿರಬೇಕು. ನೀಲಿ ದ್ರವ ಚಿಮ್ಮಿದ ಕ್ಷಣ ನಿಲ್ಲಿಸಬೇಕು, ಇನ್ನೊಂದು ಚೂರು ತೆಗೆಯೋಣ ಎನಿಸುವುದು ಆಗಲೇ. ಆಳಕ್ಕೆ ಹೋದರೆ ಗುದನಾಳ, ಮೇಲಕ್ಕೆ ಸರಿದರೆ ಮೂತ್ರಕೋಶದ ಕುತ್ತಿಗೆ, ಕೆಳಗೆ ಜಾರಿದರೆ ಮೂತ್ರ ತಡೆಹಿಡಿಯುವ ಸ್ನಾಯು ಸ್ಫಿಂಕ್ಟರ್ ಗಾಯಗೊಳ್ಳುತ್ತದೆ. ಕತ್ತರಿಸುವ ಕರೆಂಟ್ ಮಾತ್ರ ಸಾಕು. ನಾಳದ ಬಾಯಿಯ ಬಳಿ ರಕ್ತ ನಿಲ್ಲಿಸಲೆಂದು ಸುಟ್ಟರೆ ಗಾಯ ಗಂಟುಕಟ್ಟಿ ಮತ್ತೆ ಮುಚ್ಚುತ್ತದೆ. ಸಣ್ಣ ಒಸರುವಿಕೆ ಕ್ಯಾಥೆಟರ್ ಒತ್ತಡಕ್ಕೇ ನಿಲ್ಲುತ್ತದೆ, ಅದನ್ನು ಮರುದಿನ ತೆಗೆಯುತ್ತೇನೆ.

ಸಿಸ್ಟ್‌ನಿಂದ ಒತ್ತಿಕೊಂಡ ನಾಳ ಚೆನ್ನಾಗಿ ತೆರೆಯುತ್ತದೆ. ಸೋಂಕು, ಸುಣ್ಣ ಕಟ್ಟಿದ ನಾಳದ ಫಲಿತಾಂಶ ಅಷ್ಟು ಒಳ್ಳೆಯದಲ್ಲ. ಕ್ಷಯದಿಂದ ಹಲವು ಕಡೆ ಕುಗ್ಗಿದ್ದರೆ ನಾನು ಲೂಪ್ ಮುಟ್ಟುವುದೇ ಇಲ್ಲ. ಪತ್ನಿಯ ವಯಸ್ಸು ಮೂವತ್ತೈದು ದಾಟಿದ್ದರೆ ನೇರ ಇಕ್ಸಿ (ಒಂದು ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ಚುಚ್ಚುವ ವಿಧಾನ) ಬಗ್ಗೆಯೂ ಅದೇ ದಿನ ಮಾತಾಡುತ್ತೇನೆ. ಭಾಗಶಃ ತಡೆಯಿದ್ದು ಒಂದಷ್ಟು ವೀರ್ಯಾಣು ಬರುತ್ತಿದ್ದವರು ಮೊದಲೇ ಅದನ್ನು ಫ್ರೀಜ್ ಮಾಡಿಸಿಡಬೇಕು, ಗಾಯ ಮಾಯುವಾಗ ಪೂರ್ತಿ ಮುಚ್ಚಿಹೋದರೆ ಇದ್ದದ್ದೂ ಹೋಗುತ್ತದೆ.

ಆಮೇಲೆ ಕೆಲವರಿಗೆ ವೀರ್ಯ ನೀರು ನೀರಾಗಿ, ಪ್ರಮಾಣ ದಿಢೀರನೆ ಏರಿರುತ್ತದೆ. ಖುಷಿಪಡುವ ಮುನ್ನ ಅದರಲ್ಲಿ ಕ್ರಿಯಾಟಿನಿನ್ (ಮೂತ್ರದಲ್ಲಿ ಹೇರಳವಾಗಿರುವ ತ್ಯಾಜ್ಯ) ಪರೀಕ್ಷಿಸಿ. ಮಟ್ಟ ಹೆಚ್ಚಿದ್ದರೆ ತೆರೆದ ನಾಳದೊಳಕ್ಕೆ ಮೂತ್ರ ನುಗ್ಗುತ್ತಿದೆ. ಮರುಕಳಿಸುವ ಎಪಿಡಿಡಿಮಿಸ್ ಊತಕ್ಕೂ ಅದು ಕಾರಣವಾಗಬಲ್ಲದು.